ಪಾಳುಬಿದ್ದ ಮನೆಯನ್ನು ಊರೇ ಕೊಂಡು ಕೆಡವಿದರೆ?

ಕಾರವಾರದ ಹಳೆ ಕೇರಿಗಳಲ್ಲಿ, ಶಿರಸಿ ಪೇಟೆಯ ಹಿಂದಿನ ಓಣಿಗಳಲ್ಲಿ, ಕುಮಟಾ, ಅಂಕೋಲಾ, ಭಟ್ಕಳ, ಎಲ್ಲೇ ಓಡಾಡಿ, ಇಂಥದ್ದೊಂದು ಮನೆ ಕಣ್ಣಿಗೆ ಬಿದ್ದೇ ಬೀಳುತ್ತದೆ. ಗೇಟಿನ ಬೀಗಕ್ಕೆ ತುಕ್ಕು. ಮಾಡಿನ ಹಂಚು ಅರ್ಧಕ್ಕರ್ಧ ಜಾರಿದೆ. ಗೋಡೆ ಸೀಳಿಕೊಂಡು ಅರಳಿ ಗಿಡ ಎದ್ದಿದೆ. ಯಾರದ್ದು ಅಂತ ಪಕ್ಕದವರನ್ನು ಕೇಳಿದರೆ ಎರಡರಲ್ಲಿ ಒಂದು ಉತ್ತರ ಬರುತ್ತದೆ. ಒಂದೋ "ಅವರೆಲ್ಲ ಮುಂಬೈಲಿದ್ದಾರೆ", ಇಲ್ಲಾ "ಕೋರ್ಟಲ್ಲಿದೆ".

ಆಮೇಲೆ ಎಲ್ಲರೂ ಹೇಳುವ ಮಾತು: ನಗರಸಭೆಯವರು ಇದನ್ನು ತಗೊಂಡು ಕೆಡವಿ ಹಾಕಬಾರದಾ? ಕೇಳಲು ಸುಲಭ. ಅಮೆರಿಕದ ಕೆಲವು ನಗರಗಳು ಇದನ್ನೇ ದೊಡ್ಡ ಪ್ರಮಾಣದಲ್ಲಿ ಮಾಡಿವೆ. ಅಲ್ಲಿ ಅದು ಹೇಗೆ ನಡೆಯಿತು, ನಮ್ಮ ಕಾನೂನು ಎಷ್ಟು ಬಿಡುತ್ತದೆ, ನಿಜವಾದ ತೊಡಕು ಎಲ್ಲಿದೆ ಅಂತ ನೋಡೋಣ. ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇನೆ: ಕೆಡವುವುದು ಈ ಕೆಲಸದ ಅತಿ ಸಣ್ಣ ಭಾಗ. ಜೆಸಿಬಿ ಒಂದು ದಿನದಲ್ಲಿ ಮುಗಿಸುತ್ತದೆ. ಹಕ್ಕಿನ ತೊಡಕು ಬಿಡಿಸುವುದಕ್ಕೆ ವರ್ಷಗಟ್ಟಲೆ ಬೇಕು.

ಮನೆ ಪಾಳು ಬೀಳುವುದು ಹೇಗೆ ಅನ್ನುವುದರಿಂದ ಶುರುಮಾಡೋಣ. ನಮ್ಮ ಕಡೆ ಹಳೆ ಮನೆ ಅಂದರೆ ಚಿರೆಕಲ್ಲು, ಮಣ್ಣಿನ ಗಾರೆ, ಮಂಗಳೂರು ಹಂಚು. ಈ ಮನೆ ಗಟ್ಟಿಯೇ, ಆದರೆ ಅದಕ್ಕೆ ಪ್ರತಿ ವರ್ಷ ಕೈ ಹಚ್ಚುವ ಜನ ಬೇಕು. ಮಳೆಗಾಲಕ್ಕೆ ಮೊದಲು ಹಂಚು ಕೈಯಾಡಿಸಬೇಕು, ಒಡೆದದ್ದು ಬದಲಿಸಬೇಕು. ಎರಡು ವರ್ಷ ತಪ್ಪಿತು ಅಂದರೆ ಜಾರಿದ ಒಂದು ಹಂಚಿನ ಸಂದಿಯಿಂದ ನೀರು ರೀಪಿಗೆ ಇಳಿಯುತ್ತದೆ, ರೀಪಿನಿಂದ ಪಕಾಸಿಗೆ. ಹಸಿ ಮರಕ್ಕೆ ಗೆದ್ದಲು ಹತ್ತುತ್ತದೆ. ಮಾಡು ಕುಸಿದ ಮೇಲೆ ಗೋಡೆಯ ಮೇಲಂಚಿನಿಂದ ನೀರು ಒಳಗೆ ಹೋಗಿ ಮಣ್ಣಿನ ಗಾರೆಯನ್ನೇ ತೊಳೆದು ಬಿಡುತ್ತದೆ. ಕರಾವಳಿಯಲ್ಲಿ ವರ್ಷಕ್ಕೆ 3 ಸಾವಿರ ಮಿಲಿಮೀಟರಿಗೂ ಜಾಸ್ತಿ ಮಳೆ. ಬೀಗ ಹಾಕಿ ಹೋದ ಮನೆಗೆ ಆಯಸ್ಸು ಕಡಿಮೆ.

ನಷ್ಟ ಮಾಲೀಕನಿಗೆ ಮಾತ್ರ ಆದರೆ ಅದು ಅವನ ಪಾಡು ಅನ್ನಬಹುದಿತ್ತು. ಆದರೆ ಪೇಟೆಯ ಮನೆಗಳು ಒಂದಕ್ಕೊಂದು ಅಂಟಿಕೊಂಡಿರುತ್ತವೆ. ಒಂದರ ಗೋಡೆ ನೆನೆದರೆ ಪಕ್ಕದ್ದೂ ನೆನೆಯುತ್ತದೆ. ಮುಚ್ಚದ ಬಾವಿ, ನೀರು ನಿಂತ ಅಂಗಳ, ಸೊಳ್ಳೆ, ಹಾವು, ರಾತ್ರಿ ಎಸೆದು ಹೋಗುವ ಕಸದ ಚೀಲ. ಪಕ್ಕದ ಮನೆ ಮಾರಲು ಹೊರಟರೆ ಗಿರಾಕಿ ಮೊದಲು ನೋಡುವುದು ಈ ಪಾಳನ್ನೇ. ಆ ಮನೆಯವರೂ ಬೀಗ ಹಾಕಿ ಹೊರಡುತ್ತಾರೆ. ಕೇರಿ ಖಾಲಿಯಾಗುವುದು ಹೀಗೆ, ಒಂದರ ಹಿಂದೆ ಒಂದು.

ಇದು ಕೇರಿಯ ಮಟ್ಟದಲ್ಲಲ್ಲ, ಇಡೀ ನಗರದ ಮಟ್ಟದಲ್ಲಿ ನಡೆದದ್ದು ಅಮೆರಿಕದ ಡೆಟ್ರಾಯಿಟ್‌ನಲ್ಲಿ. ಕಾರು ಕಾರ್ಖಾನೆಗಳ ಊರು. 1950ರಲ್ಲಿ ಅಲ್ಲಿ ಸುಮಾರು 18.5 ಲಕ್ಷ ಜನ ಇದ್ದರು. 2020ರ ಹೊತ್ತಿಗೆ 6.4 ಲಕ್ಷಕ್ಕೆ ಇಳಿದಿತ್ತು. ಮೂರರಲ್ಲಿ ಎರಡು ಪಾಲು ಜನ ಹೋದರು, ಮನೆಗಳು ಉಳಿದವು. 2013ರಲ್ಲಿ ನಗರಾಡಳಿತವೇ ದಿವಾಳಿ ಅರ್ಜಿ ಹಾಕಿತು. ಅದೇ ಚಳಿಗಾಲದಲ್ಲಿ ಜನರನ್ನು ಬೀದಿಗಿಳಿಸಿ ಸುಮಾರು 3.8 ಲಕ್ಷ ಜಾಗಗಳನ್ನು ಒಂದೊಂದಾಗಿ ನೋಡಿ ಫೋಟೋ ತೆಗೆಸಿದರು. 80 ಸಾವಿರಕ್ಕೂ ಜಾಸ್ತಿ ಜಾಗಗಳು ಪಾಳುಬಿದ್ದಿವೆ, ಇಲ್ಲವೇ ಆ ದಾರಿ ಹಿಡಿದಿವೆ ಎಂದು 2014ರಲ್ಲಿ ವರದಿ ಬಂತು. 2008ರ ಆರ್ಥಿಕ ಕುಸಿತದ ನಂತರದ ಕೇಂದ್ರ ಸರ್ಕಾರದ ಪರಿಹಾರ ನಿಧಿಯಿಂದ 25 ಕೋಟಿ ಡಾಲರಿಗೂ ಹೆಚ್ಚು ಹಣವನ್ನು ಕೆಡವುವುದಕ್ಕೇ ಬಳಸಿದರು. ಅದು ಸಾಲದೆ 2020ರಲ್ಲಿ ಇನ್ನೂ 25 ಕೋಟಿ ಡಾಲರ್ ಬಾಂಡ್ ಎತ್ತಲು ಮತದಾರರು ಒಪ್ಪಿದರು.

ಕೆಡವುವ ಮೊದಲು ಮನೆ ಅವರ ಕೈಗೆ ಬಂದದ್ದು ಹೇಗೆ? ಅಲ್ಲೇ ಇರುವುದು ಗುಟ್ಟು. ಹೆಚ್ಚಿನವನ್ನು ಅವರು ಕೊಂಡದ್ದೇ ಅಲ್ಲ. ಮಿಷಿಗನ್ ರಾಜ್ಯ 1999ರಲ್ಲಿ ಒಂದು ಕಾನೂನು ತಂದಿತು. ಆಸ್ತಿ ತೆರಿಗೆ ಬಾಕಿ ಇಟ್ಟರೆ ಸುಮಾರು ಮೂರು ವರ್ಷದಲ್ಲಿ ನ್ಯಾಯಾಲಯದ ತೀರ್ಪಿನ ಮೂಲಕ ಆಸ್ತಿ ಕೌಂಟಿಗೆ, ಅಂದರೆ ಅಲ್ಲಿನ ಜಿಲ್ಲಾಡಳಿತಕ್ಕೆ ಹೋಗುತ್ತದೆ. ಹಳೆ ಸಾಲ, ಹಳೆ ಹಕ್ಕು, ಹಳೆ ತಕರಾರು ಎಲ್ಲ ಅಲ್ಲಿಗೆ ಮುಗಿಯಿತು. ಹೀಗೆ ಬಂದು ಹರಾಜಿನಲ್ಲಿ ಯಾರೂ ಕೊಳ್ಳದ ಜಾಗಗಳನ್ನು ಇಟ್ಟುಕೊಂಡು ಸಂಭಾಳಿಸಲು ಒಂದು ಸರ್ಕಾರಿ ಸಂಸ್ಥೆ ಮಾಡಿದರು. ಅದೇ ಲ್ಯಾಂಡ್ ಬ್ಯಾಂಕ್. ಮೊದಲು ಹೆಸರು ಮಾಡಿದ್ದು ಫ್ಲಿಂಟ್ ನಗರ ಇರುವ ಜೆನೆಸೀ ಕೌಂಟಿಯದ್ದು. ಡೆಟ್ರಾಯಿಟ್‌ನದ್ದು 2008ರಲ್ಲಿ ಶುರುವಾಯಿತು. ಚೆನ್ನಾಗಿರುವ ಮನೆಯನ್ನು ದುರಸ್ತಿಯ ಷರತ್ತು ಹಾಕಿ ಮಾರುತ್ತಾರೆ, ಕೆಟ್ಟದ್ದನ್ನು ಕೆಡವುತ್ತಾರೆ. ಖಾಲಿಯಾದ ಜಾಗವನ್ನು ಪಕ್ಕದ ಮನೆಯವರಿಗೇ 100 ಡಾಲರಿಗೆ ಕೊಡುವ ಯೋಜನೆಯೂ ಇದೆ. ನನಗೆ ಎಲ್ಲಕ್ಕಿಂತ ಹಿಡಿಸಿದ್ದು ಈ ಕೊನೆಯದು. ಪಕ್ಕದವರು ಹುಲ್ಲು ಕೊಯ್ಯುತ್ತಾರೆ, ಬೇಲಿ ಹಾಕುತ್ತಾರೆ, ತರಕಾರಿ ಬೆಳೆಯುತ್ತಾರೆ. ಸರ್ಕಾರ ಎಷ್ಟೇ ಸಂಬಳ ಕೊಟ್ಟರೂ ಆ ನಿಗಾ ಸಿಗುವುದಿಲ್ಲ.

ಇದರ ಕಹಿ ಬದಿಯೂ ಇದೆ. ತೆರಿಗೆ ಬಾಕಿಯ ನೆಪದಲ್ಲಿ ಬಡವರ, ಮುದುಕರ ಮನೆಗಳೂ ಹೋದವು. ಮಿನೆಸೋಟಾ ರಾಜ್ಯದಲ್ಲಿ ಒಬ್ಬ ಅಜ್ಜಿಯ ಬಾಕಿ ಬಡ್ಡಿ ದಂಡ ಸೇರಿ 15 ಸಾವಿರ ಡಾಲರ್ ಇತ್ತು. ಆಕೆಯ ಮನೆಯನ್ನು ಕೌಂಟಿ 40 ಸಾವಿರಕ್ಕೆ ಮಾರಿ, ಪೂರ್ತಿ ಹಣವನ್ನು ತಾನೇ ಇಟ್ಟುಕೊಂಡಿತು. 2023ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ಒಮ್ಮತದಿಂದ ಅಜ್ಜಿಯ ಪರ ನಿಂತಿತು. ಬಾಕಿಗಿಂತ ಹೆಚ್ಚಿನ ಹಣ ಮಾಲೀಕರದ್ದೇ ಅಂತ ಹೇಳಿತು. ಆಗ ಆಕೆಗೆ 94 ವರ್ಷ.

ಅದಕ್ಕಿಂತ ಹಳೆಯ ಕತೆ 1954ರದ್ದು. ರಾಜಧಾನಿ ವಾಷಿಂಗ್ಟನ್ನಿನ ಒಂದು ಭಾಗವನ್ನು ಕೊಳಕು ಕೇರಿ ಎಂದು ಘೋಷಿಸಿ ಪೂರ್ತಿ ಕೆಡವುವ ಯೋಜನೆ ಬಂತು. ಕೋರ್ಟಿನ ದಾಖಲೆಯ ಪ್ರಕಾರ ಅಲ್ಲಿ 5,012 ಜನರಿದ್ದರು, ನೂರರಲ್ಲಿ 97ಕ್ಕೂ ಹೆಚ್ಚು ಮಂದಿ ಕಪ್ಪು ಜನ. ನೂರರಲ್ಲಿ 64 ಮನೆ ದುರಸ್ತಿಗೂ ಸಿಗದ ಸ್ಥಿತಿಯಲ್ಲಿದ್ದವು. ಉಳಿದ 36? ಅವೂ ಹೋದವು. ಚೆನ್ನಾಗಿ ನಡೆಯುತ್ತಿದ್ದ ಅಂಗಡಿಯವನೊಬ್ಬ ನನ್ನದು ಪಾಳಲ್ಲವಲ್ಲ ಅಂತ ಸುಪ್ರೀಂ ಕೋರ್ಟಿನವರೆಗೆ ಹೋದ. ಇಡೀ ಪ್ರದೇಶ ನೋಡಬೇಕು, ಒಂದೊಂದು ಕಟ್ಟಡ ಅಲ್ಲ ಅಂತ ಕೋರ್ಟ್ ಹೇಳಿತು. ಆ ತೀರ್ಪು ಹಿಡಿದುಕೊಂಡು ಎಷ್ಟೋ ನಗರಗಳು ಬಡ ಕೇರಿಗಳನ್ನು ಖಾಲಿ ಮಾಡಿಸಿದವು. 2005ರಲ್ಲಿ ನ್ಯೂ ಲಂಡನ್ ಎಂಬ ಸಣ್ಣ ಕರಾವಳಿ ಊರಿನ ಪ್ರಕರಣದಲ್ಲಂತೂ ಮನೆಗಳು ಪಾಳೇ ಬಿದ್ದಿರಲಿಲ್ಲ. ಔಷಧ ಕಂಪನಿ ಫೈಜರ್‌ನ ಪಕ್ಕ ಹೋಟೆಲು, ಆಫೀಸು ಬಂದರೆ ಊರಿಗೆ ಆದಾಯ ಅಂತ ಸ್ವಾಧೀನ. ಕೋರ್ಟ್ ಐದು-ನಾಲ್ಕರ ಬಹುಮತದಲ್ಲಿ ಒಪ್ಪಿತು. 2009ರಲ್ಲಿ ಫೈಜರ್ ಅಲ್ಲಿಂದ ಹೊರಡುವುದಾಗಿ ಹೇಳಿತು. ಮನೆ ಕೆಡವಿದ ಜಾಗದಲ್ಲಿ ವರ್ಷಗಟ್ಟಲೆ ಹುಲ್ಲೇ ಬೆಳೆಯಿತು.

ನಮ್ಮ ಉತ್ತರ ಕನ್ನಡ ಜಿಲ್ಲೆಯವರಿಗೆ ಇದು ದೂರದ ಕತೆ ಅನ್ನಿಸುವುದಿಲ್ಲ. ಸೂಪಾ ಅಣೆಕಟ್ಟು, ಕೊಂಕಣ ರೈಲು, ಅರ್ಗಾ-ಚೆಂಡಿಯಾ ಕಡೆಯ ಸೀಬರ್ಡ್ ನೌಕಾನೆಲೆ, ಈಗ ರಾಷ್ಟ್ರೀಯ ಹೆದ್ದಾರಿ 66. ಸರ್ಕಾರ ಜಾಗ ತಗೊಳ್ಳುತ್ತದೆ ಅಂದರೆ ಏನು ಅಂತ ಇಲ್ಲಿ ಯಾರಿಗೂ ಪಾಠ ಹೇಳಬೇಕಿಲ್ಲ. ಸೀಬರ್ಡ್ ನಿರಾಶ್ರಿತರು ಪರಿಹಾರಕ್ಕಾಗಿ ದಶಕಗಟ್ಟಲೆ ಕೋರ್ಟು ಅಲೆದರು. ಹಾಗಾಗಿ ನಗರಸಭೆ ಮನೆ ಕೊಳ್ಳುತ್ತದೆ ಎಂಬ ಮಾತು ಕೇಳಿದ ಕೂಡಲೇ ಜನ ಮೊದಲು ಹುಡುಕುವುದು ಅದರ ಹಿಂದೆ ಯಾರಿದ್ದಾರೆ ಅನ್ನುವುದನ್ನು. ಆ ಅನುಮಾನ ಸುಮ್ನೆ ಹುಟ್ಟಿದ್ದಲ್ಲ.

ಈಗ ನಮ್ಮ ಕಾನೂನಿಗೆ ಬರೋಣ. ಇಲ್ಲಿ ಮೂರು ಬೇರೆ ಬೇರೆ ಅಧಿಕಾರಗಳನ್ನು ಜನ ಒಂದೇ ಅಂದುಕೊಳ್ಳುತ್ತಾರೆ. ಮೊದಲನೆಯದು 1964ರ ಕರ್ನಾಟಕ ಪೌರಸಭೆಗಳ ಕಾಯ್ದೆಯದ್ದು. ಬೀಳುವಂತಿರುವ, ಜನರಿಗೆ ಅಪಾಯವಾಗುವ ಕಟ್ಟಡವನ್ನು ದುರಸ್ತಿ ಮಾಡಿ ಅಥವಾ ತೆಗೆಯಿರಿ ಅಂತ ಮಾಲೀಕರಿಗೆ ಹೇಳಬಹುದು. ಇಲ್ಲಿ ಹೋಗುವುದು ಕಟ್ಟಡ ಮಾತ್ರ. ಜಾಗ ಮಾಲೀಕರದ್ದೇ. ಎರಡನೆಯದು 1973ರ ಕೊಳಚೆ ಪ್ರದೇಶಗಳ ಕಾಯ್ದೆ. ಅದು ಜನ ವಾಸವಿರುವ ಕೊಳೆಗೇರಿಗಳಿಗೆ ಸಂಬಂಧಿಸಿದ್ದು, ಬೀಗ ಹಾಕಿದ ಒಂಟಿ ಮನೆಗಲ್ಲ. ಮೂರನೆಯದು ಭೂಸ್ವಾಧೀನ. 2014ರ ಜನವರಿ 1ರಿಂದ ಜಾರಿಯಲ್ಲಿರುವ 2013ರ ಕಾಯ್ದೆ. ಜಾಗವೂ ಸೇರಿ ನಗರಸಭೆಗೆ ಬರಬೇಕಾದರೆ ಒಂದೋ ಒಪ್ಪಂದದ ಖರೀದಿ, ಇಲ್ಲವೇ ಈ ದಾರಿ.

ಸ್ವಾಧೀನಕ್ಕೆ ಎಷ್ಟು ಖರ್ಚು? ಒಂದು ಊಹೆಯ ಲೆಕ್ಕ ಹಾಕೋಣ. ಶಿರಸಿ ಪೇಟೆಯಲ್ಲಿ 4 ಗುಂಟೆ ಜಾಗ, ಗುಂಟೆಗೆ 10 ಲಕ್ಷ ಅಂದುಕೊಳ್ಳಿ. ಈ ಬೆಲೆಯನ್ನೂ ಅಧಿಕಾರಿ ಮನಸ್ಸಿಗೆ ಬಂದಂತೆ ಹಾಕುವ ಹಾಗಿಲ್ಲ. ಸರ್ಕಾರಿ ಮಾರ್ಗಸೂಚಿ ದರ ಒಂದು ಕಡೆ. ಹಿಂದಿನ ಮೂರು ವರ್ಷಗಳಲ್ಲಿ ಅಕ್ಕಪಕ್ಕ ಆದ ಮಾರಾಟಗಳಲ್ಲಿ ದುಬಾರಿ ಅರ್ಧದ ಸರಾಸರಿ ಇನ್ನೊಂದು ಕಡೆ. ಯಾವುದು ಹೆಚ್ಚೋ ಅದು. ಜಾಗದ ಬೆಲೆ 40 ಲಕ್ಷ. ಒತ್ತಾಯದಿಂದ ಜಾಗ ಬಿಡಿಸಿದ್ದಕ್ಕೆ ಅಷ್ಟೇ ಮೊತ್ತದ ಸಾಂತ್ವನ ಧನ, ಇನ್ನೊಂದು 40 ಲಕ್ಷ. ಪ್ರಕ್ರಿಯೆಗೆ ವರ್ಷ ಹಿಡಿದರೆ ಮಾರುಕಟ್ಟೆ ಬೆಲೆಯ ಮೇಲೆ ಶೇಕಡಾ 12ರಂತೆ 4.8 ಲಕ್ಷ. ಒಟ್ಟು 84.8 ಲಕ್ಷ. ಕಟ್ಟಡ, ಬಾವಿ, ತೆಂಗಿನ ಮರದ ಬೆಲೆ ಬೇರೆ, ಅದರ ಮೇಲೂ ಸಾಂತ್ವನ ಧನ. ಒಂದೇ ಒಂದು ಪಾಳು ಮನೆಗೆ ಇಷ್ಟು! ಸಣ್ಣ ಊರಿನ ನಗರಸಭೆ ಹಣಕಾಸು ಆಯೋಗದ ಅನುದಾನ ನಂಬಿ ನಡೆಯುವಂಥದ್ದು. ಅದರಲ್ಲೂ ದೊಡ್ಡ ಪಾಲು ನೀರು, ನೈರ್ಮಲ್ಯಕ್ಕೆ ಮೀಸಲು. ಹಾಗಾಗಿ ಡೆಟ್ರಾಯಿಟ್ ಮಾದರಿಯನ್ನು ಇಲ್ಲಿ ಹಾಗೇ ತಂದು ಇಡುವುದು ಆಗದ ಮಾತು. ಅಲ್ಲಿ ಜಾಗಕ್ಕೆ ಬೆಲೆ ಇರಲಿಲ್ಲ, ಅದಕ್ಕೇ ಮನೆ ಪಾಳಾದವು. ನಮ್ಮಲ್ಲಿ ಜಾಗಕ್ಕೆ ಬಂಗಾರದ ಬೆಲೆ ಇದ್ದೂ ಮನೆ ಪಾಳಾಗುತ್ತಿದೆ.

ಯಾಕೆ ಹಾಗೆ? ಉತ್ತರ ಸಿಟಿ ಸರ್ವೆ ಕಚೇರಿಯ ಪ್ರಾಪರ್ಟಿ ಕಾರ್ಡಿನಲ್ಲಿದೆ. ಎಷ್ಟೋ ಮನೆಗಳ ಕಾರ್ಡಿನಲ್ಲಿ ಇನ್ನೂ ಅಜ್ಜನ ಹೆಸರು. ಅಜ್ಜ ತೀರಿಕೊಂಡ ಮೇಲೆ ಯಾರೂ ವಾರಸಾ ಮಾಡಿಸಿಲ್ಲ, ಅಂದರೆ ದಾಖಲೆಯನ್ನು ವಾರಸುದಾರರ ಹೆಸರಿಗೆ ಬದಲಿಸಿಲ್ಲ. ಅಜ್ಜನಿಗೆ ಐದು ಮಕ್ಕಳು, ಅವರ ಮಕ್ಕಳು ಕಾರವಾರ, ಹುಬ್ಬಳ್ಳಿ, ಡೊಂಬಿವಲಿ, ದುಬೈ. ಹೆಣ್ಣುಮಕ್ಕಳ ಹಕ್ಕನ್ನು ಬಿಟ್ಟು ಲೆಕ್ಕ ಹಾಕುವುದೂ ಬಹಳ ಮನೆಗಳ ಅಭ್ಯಾಸ. ಅದು ತಪ್ಪು. ಹಿಂದೂ ಅವಿಭಕ್ತ ಕುಟುಂಬದ ಆಸ್ತಿಯಲ್ಲಿ ಮಗಳಿಗೂ ಹುಟ್ಟಿನಿಂದ ಸಮಪಾಲು ಅಂತ 2005ರ ತಿದ್ದುಪಡಿ ಹೇಳುತ್ತದೆ. ಅಪ್ಪ 2005ಕ್ಕೆ ಮೊದಲೇ ತೀರಿಹೋಗಿದ್ದರೂ ಆ ಹಕ್ಕು ಇದೆ ಅಂತ 2020ರ ಆಗಸ್ಟಿನಲ್ಲಿ ಸುಪ್ರೀಂ ಕೋರ್ಟ್ ಸ್ಪಷ್ಟ ಮಾಡಿತು. ಅಲ್ಲಿಗೆ ಸಹಿ ಹಾಕಬೇಕಾದವರ ಸಂಖ್ಯೆ ಹತ್ತು ದಾಟಿತು. ಒಬ್ಬರು ಒಲ್ಲೆ ಅಂದರೂ ಮಾರಾಟ ನಿಂತಿತು. ಕೆಲವು ಕಡೆ ಮೂಲಗೇಣಿಯ, ಅಂದರೆ ತಲೆಮಾರುಗಳ ಕಾಯಂ ಗೇಣಿಯ ತಕರಾರು, ಇನ್ನು ಕೆಲವು ಕಡೆ ಮುಂದಿನ ಜಗಲಿಯಲ್ಲಿ ಹಳೆ ಬಾಡಿಗೆಯ ಅಂಗಡಿ. ಒಳಗೆ ದೇವರ ಕೋಣೆ, ಹಿತ್ತಲಲ್ಲಿ ನಾಗನ ಕಲ್ಲು. ವರ್ಷಕ್ಕೊಮ್ಮೆ ಬಂದು ಪೂಜೆ ಮಾಡಿ ಹೋಗುತ್ತಾರೆ, ಹಂಚಿನ ಮಾತು ಮಾತ್ರ ಯಾರೂ ಎತ್ತುವುದಿಲ್ಲ.

ಸುಮ್ನೆ ಬಿಡುವುದಕ್ಕೆ ಖರ್ಚೂ ಇಲ್ಲ. ನಮ್ಮಲ್ಲಿ ಕಟ್ಟಡ ಹಳೆಯದಾದಷ್ಟೂ ಸವಕಳಿ ಕಳೆದು ತೆರಿಗೆ ಇಳಿಯುತ್ತದೆ. ಜಪಾನ್ ಇದೇ ಬಲೆಯಲ್ಲಿ ಸಿಕ್ಕಿಕೊಂಡ ದೇಶ. 2023ರ ಸಮೀಕ್ಷೆಯಂತೆ ಅಲ್ಲಿ ಸುಮಾರು 90 ಲಕ್ಷ ಖಾಲಿ ಮನೆಗಳಿವೆ, ನೂರಕ್ಕೆ ಹತ್ತಿರ ಹತ್ತಿರ 14. ಮನೆ ಇರುವ ಸಣ್ಣ ನಿವೇಶನದ ತೆರಿಗೆಯನ್ನು ಆರನೇ ಒಂದು ಪಾಲಿನ ಬೆಲೆ ಹಿಡಿದು ಲೆಕ್ಕ ಹಾಕುತ್ತಾರೆ. ಮನೆ ಕೆಡವಿದರೆ ರಿಯಾಯಿತಿ ಹೋಗುತ್ತದೆ. ಯಾರು ಕೆಡವುತ್ತಾರೆ ಹೇಳಿ! 2015ರಲ್ಲಿ ಜಾರಿಯಾದ ಕಾನೂನು ಅಪಾಯದ ಪಾಳು ಮನೆಗಳಿಗೆ ಆ ರಿಯಾಯಿತಿ ತೆಗೆಯಲು ದಾರಿ ಮಾಡಿತು. 2023ರಲ್ಲಿ ಅದನ್ನು ನಿಗಾ ಇಲ್ಲದ ಮನೆಗಳಿಗೂ ವಿಸ್ತರಿಸಿದರು. 2024ರ ಏಪ್ರಿಲ್‌ನಿಂದ ಪಿತ್ರಾರ್ಜಿತ ಆಸ್ತಿಯನ್ನು ಮೂರು ವರ್ಷದೊಳಗೆ ವಾರಸುದಾರರ ಹೆಸರಿಗೆ ನೋಂದಾಯಿಸುವುದು ಅಲ್ಲಿ ಕಡ್ಡಾಯ. ನಾವು ಕಲಿಯಬೇಕಾದದ್ದು ಅಮೆರಿಕಕ್ಕಿಂತ ಜಪಾನಿನಿಂದ ಜಾಸ್ತಿ ಅನ್ನಿಸುತ್ತದೆ. ತೆರಿಗೆ ಬಾಕಿಗೆ ಜಪ್ತಿ ಮಾಡುವ ಅಧಿಕಾರ ನಮ್ಮಲ್ಲೂ ಇದೆ, ಆದರೆ ಅದು ಹಣ ವಸೂಲಿಯ ದಾರಿ. ಹಳೆ ತಕರಾರುಗಳನ್ನೆಲ್ಲ ತೊಳೆದು ಹೊಸ ಹಕ್ಕು ಕೊಡುವ ಮಿಷಿಗನ್ ವ್ಯವಸ್ಥೆ ನಮ್ಮಲ್ಲಿಲ್ಲ. ಇ-ಖಾತೆ ಆದರೆ ಹಕ್ಕು ಆಯಿತು ಅಂದುಕೊಳ್ಳುವವರೂ ಇದ್ದಾರೆ. ಖಾತೆ ಇರುವುದು ತೆರಿಗೆಗಾಗಿ, ಒಡೆತನ ಬರುವುದು ಆಸ್ತಿ ಪತ್ರದಿಂದ.

ಕುಟುಂಬ ಮನಸ್ಸು ಮಾಡಿದರೆ ಒಂದು ಹಳೆ ದಾರಿ ಇದೆ, ಬಹಳ ಜನರಿಗೆ ಗೊತ್ತಿಲ್ಲ. 1893ರ ವಿಭಜನಾ ಕಾಯ್ದೆ. ಪಾಲು ಕೇಳುವ ಹಿಸ್ಸೆ ದಾವೆಯಲ್ಲಿ, ನಾಲ್ಕು ಗುಂಟೆಯ ಮನೆಯನ್ನು ಹನ್ನೊಂದು ತುಂಡು ಮಾಡುವುದು ಅರ್ಥವಿಲ್ಲದ್ದು ಅಂತ ನ್ಯಾಯಾಲಯಕ್ಕೆ ಕಂಡರೆ, ಅರ್ಧ ಅಥವಾ ಅದಕ್ಕಿಂತ ಹೆಚ್ಚು ಪಾಲು ಇರುವವರು ಕೇಳಿಕೊಂಡಲ್ಲಿ ಆಸ್ತಿ ಮಾರಿ ಹಣ ಹಂಚಲು ಆದೇಶಿಸಬಹುದು. ಬೇಡ, ನಾವೇ ಉಳಿಸಿಕೊಳ್ಳುತ್ತೇವೆ ಅನ್ನುವ ಪಾಲುದಾರರು ನ್ಯಾಯಾಲಯ ಕಟ್ಟಿದ ಬೆಲೆ ಕೊಟ್ಟು ಮಾರಾಟ ಕೇಳಿದವರ ಪಾಲು ಕೊಳ್ಳಬಹುದು. ಹೊರಗಿನವರು ಒಬ್ಬರ ಪಾಲು ಕೊಂಡು ಹಿಸ್ಸೆ ಕೇಳಿ ಬಂದರೆ, ವಾಸದ ಮನೆಯ ಮಟ್ಟಿಗೆ ಆ ಪಾಲನ್ನು ಮನೆಯವರೇ ವಾಪಸು ಕೊಳ್ಳುವ ಹಕ್ಕೂ ಇದೆ. ಆದರೆ ದಾವೆ, ಪ್ರಾಥಮಿಕ ಡಿಕ್ರಿ, ಅಂತಿಮ ಡಿಕ್ರಿ ಅಂತ ಅದು ನಡೆಯುವ ವೇಗ ಎಲ್ಲರಿಗೂ ಗೊತ್ತೇ ಇದೆ. ಮಾತಾಡಿ ಮುಗಿಸಿದರೆ ವರ್ಷಗಳು ಉಳಿಯುತ್ತವೆ. ನಗರಸಭೆ ಇಂಥ ಮನೆಗಳ ಪಟ್ಟಿ ಮಾಡಿ, ವಾರಸುದಾರರನ್ನು ಹುಡುಕಿ, ಲೋಕ ಅದಾಲತ್ತಿನ ಎದುರು ಕೂರಿಸಿದರೂ ಸಾಕು. ಹತ್ತು ಮನೆ ಕೊಳ್ಳುವ ಹಣ ಬೇಕಿಲ್ಲ, ಒಬ್ಬ ಗುಮಾಸ್ತ ಮತ್ತು ಅಂಚೆ ಖರ್ಚು ಬೇಕು.

ಕೊಳ್ಳಲೇಬೇಕಾದ ಒಂದೆರಡು ಜಾಗ ಇರಬಹುದು. ಸಂತೆಗೆ, ವಾಹನ ನಿಲ್ಲಿಸಲು, ಚರಂಡಿ ಅಗಲ ಮಾಡಲು. ಆಗ ಏನು ಮಾಡುತ್ತೇವೆ ಅನ್ನುವುದು ಕೆಡವುವ ಮೊದಲೇ ಕಾಗದದ ಮೇಲೆ ಇರಬೇಕು. ಸ್ವಾಧೀನ ಮಾಡಿದ ಜಾಗವನ್ನು ಐದು ವರ್ಷ ಬಳಸದೆ ಬಿಟ್ಟರೆ ಮೂಲ ಮಾಲೀಕರಿಗೆ ಅಥವಾ ಸರ್ಕಾರದ ಭೂಸಂಗ್ರಹಕ್ಕೆ ವಾಪಸು ಹೋಗಬೇಕು ಅಂತ 2013ರ ಕಾಯ್ದೆಯಲ್ಲೇ ಇದೆ. ಖಾಲಿ ಜಾಗವನ್ನು ಬರೀ ಚೊಕ್ಕ ಇಟ್ಟುಕೊಂಡರೂ ಲಾಭವಿದೆ. ಫಿಲಡೆಲ್ಫಿಯಾದಲ್ಲಿ 541 ಪಾಳು ನಿವೇಶನಗಳ ಮೇಲೆ ನಡೆದ ಅಧ್ಯಯನ 2018ರಲ್ಲಿ ಪ್ರಕಟವಾಯಿತು. ಚೀಟಿ ಎತ್ತಿದಂತೆ ಕೆಲವು ಜಾಗ ಆರಿಸಿ ಕಸ ತೆಗೆದು, ಹುಲ್ಲು ಹಾಸಿ, ನಾಲ್ಕು ಮರ ನೆಟ್ಟು, ಗಿಡ್ಡ ಬೇಲಿ ಹಾಕಿದರು. ಬಡ ಕೇರಿಗಳಲ್ಲಿ ಆ ಜಾಗಗಳ ಸುತ್ತ ಬಂದೂಕಿನ ಹಿಂಸೆ ಶೇಕಡಾ 29ರಷ್ಟು ಇಳಿದಿತ್ತು. ನಮ್ಮಲ್ಲಿ ಬಂದೂಕು ಇಲ್ಲ, ಆದರೆ ಕಸದ ಚೀಲಕ್ಕೆ ಕಸದ ಚೀಲವೇ ಸ್ನೇಹಿತ ಅನ್ನುವುದು ಇಲ್ಲೂ ನಿಜ ಅಲ್ವಾ?

ಕೆಡವುವ ಕೆಲಸದ ಬಗ್ಗೆ ನಾಲ್ಕು ಮಾತು. ಹಳೆಯದೆಲ್ಲ ಪಾಳಲ್ಲ. ಮಾಡು ಮಾತ್ರ ಹೋಗಿ ಗೋಡೆ ಗಟ್ಟಿ ಇದ್ದರೆ ಮನೆ ಉಳಿಯುತ್ತದೆ. ಗೋಕರ್ಣದ ರಥಬೀದಿ, ಭಟ್ಕಳದ ಹಳೆ ಕೇರಿಗಳಂಥ ಕಡೆ ಒಂದು ಮನೆ ತೆಗೆದರೆ ಬೀದಿಯ ಚಹರೆಯೇ ಹೋಗುತ್ತದೆ. ಕಾರವಾರದಿಂದ ಗಡಿ ದಾಟಿದರೆ ಪಣಜಿಯ ಫೊಂಟೈನ್ಹಾಸ್ ಇದೆ. ಹಳೆ ಮನೆಗಳನ್ನು ಉಳಿಸಿಕೊಂಡದ್ದಕ್ಕೇ ಅಲ್ಲಿಗೆ ಜನ ಹೋಗುತ್ತಾರೆ. ತೆಗೆಯಲೇಬೇಕಾದರೆ ಬೇಸಿಗೆಯಲ್ಲಿ ತೆಗೆಯಬೇಕು. ಚಿರೆಕಲ್ಲು, ಹಂಚು, ಕಂಬ, ಬಾಗಿಲು ಎಲ್ಲಕ್ಕೂ ಬೆಲೆ ಇದೆ, ಕೈಯಲ್ಲಿ ಬಿಚ್ಚಿಸಿದರೆ ಖರ್ಚಿನಲ್ಲಿ ಒಂದಷ್ಟು ಹುಟ್ಟುತ್ತದೆ. ಜೆಸಿಬಿ ಹಚ್ಚಿದರೆ ಎಲ್ಲ ಮಣ್ಣು. ಪಕ್ಕದ ಮನೆಯ ಗೋಡೆ ಬಯಲಾಗುತ್ತದೆ, ಮಳೆಗೆ ಮೊದಲು ಅದಕ್ಕೆ ಗಿಲಾವು ಹಾಕಿಸಬೇಕು, ಇಲ್ಲದಿದ್ದರೆ ಮಡಲಿನ ತಟ್ಟಿಯನ್ನಾದರೂ ಕಟ್ಟಬೇಕು. ಬಾವಿಗೆ ಕಲ್ಲುಮಣ್ಣು ತುಂಬಿಸಬೇಡಿ, ಜಾಲರಿ ಹಾಕಿ. ಸಮುದ್ರ, ಹೊಳೆ ದಂಡೆಯ ಹತ್ತಿರದ ಮನೆಯಾದರೆ ಸಿಆರ್‌ಜೆಡ್ (ಕರಾವಳಿ ನಿಯಂತ್ರಣ ವಲಯ) ನಿಯಮದಲ್ಲಿ ಮತ್ತೆ ಎಷ್ಟು ಕಟ್ಟಬಹುದು ಅಂತ ಬರಹದಲ್ಲಿ ತಿಳಿದುಕೊಂಡೇ ಗೋಡೆ ಮುಟ್ಟಬೇಕು.

ಇನ್ನು ನಿಮ್ಮ ಹಳೆ ಮನೆಗೇ ನಗರಸಭೆಯ ನೋಟಿಸ್ ಬಂದರೆ? ಮೊದಲು ಅದು ಯಾವುದರ ಅಡಿಯಲ್ಲಿ ಬಂದಿದೆ ನೋಡಿ: ಅಪಾಯದ ಕಟ್ಟಡವೋ, ಅಕ್ರಮ ಕಟ್ಟಡವೋ, ಸ್ವಾಧೀನವೋ. ಅಕ್ರಮ ಅಂತ ಕೆಡವುವುದಾದರೆ ಕನಿಷ್ಠ 15 ದಿನ ಮೊದಲು ಕಾರಣ ಕೇಳಿ ನೋಟಿಸ್ ಕೊಡಬೇಕು, ನಿಮ್ಮ ಮಾತು ಕೇಳಬೇಕು ಅಂತ 2024ರ ನವೆಂಬರ್ 13ರಂದು ಸುಪ್ರೀಂ ಕೋರ್ಟ್ ಹೇಳಿದೆ. ರಸ್ತೆ, ಫುಟ್‌ಪಾತ್, ನದಿಯಂಥ ಸಾರ್ವಜನಿಕ ಜಾಗದ ಒತ್ತುವರಿಗೆ ಈ ರಕ್ಷಣೆ ಇಲ್ಲ. ಅಪಾಯದ ಕಟ್ಟಡ ಅಂದಿದ್ದರೆ ಎಂಜಿನಿಯರ್ ಒಬ್ಬರಿಂದ ನೋಡಿಸಿ, ಫೋಟೋ ತೆಗೆದಿಟ್ಟು, ದುರಸ್ತಿಗೆ ಎಷ್ಟು ದಿನ ಬೇಕು ಅಂತ ಬರಹದಲ್ಲೇ ಉತ್ತರ ಕೊಡಿ, ಸ್ವೀಕೃತಿ ಪಡೆಯಿರಿ. ಸ್ವಾಧೀನವಾದರೆ ವಾರಸಾ ಕೆಲಸವನ್ನು ಅವತ್ತೇ ಶುರುಮಾಡಿ. ಯಾರಿಗೆ ಎಷ್ಟು ಪಾಲು ಅಂತ ಜಗಳವಿದ್ದರೆ ಪರಿಹಾರದ ಹಣ ನಿಮ್ಮ ಖಾತೆಗೆ ಬರುವುದಿಲ್ಲ, ಭೂಸ್ವಾಧೀನದ ತಕರಾರು ನೋಡುವ ಪ್ರಾಧಿಕಾರದಲ್ಲಿ ಠೇವಣಿಯಾಗಿ ಕೂರುತ್ತದೆ.